ಬಚ್ಚಲ ನೀರಿನ ಜಗಳ

"ನಮ್ಮ ಪೈಪಿಗೆ ಗೋಣಿಚೀಲ ತುರುಕಿದ್ದು ನೀವೇ ತಾನೆ?"

ನರ್ಸರಿಯವಳು ತಲೆ ಎತ್ತಿದಳು. ಬೇಲಿಯಾಚೆ ಪಕ್ಕದ ಮನೆಯ ಮೇಸ್ತ್ರಿ ಮೊಣಕಾಲವರೆಗೂ ಒದ್ದೆಯಾಗಿ ನಿಂತಿದ್ದ.

"ಹೌದು, ನಾನೇ. ನಿಮ್ಮನೆ ಸೋಪಿನ ನೀರು ನುಗ್ಗಿ ನನ್ನ ನಲವತ್ತು ಗುಲಾಬಿ ಸಸಿ ಕೊಳೆತುಹೋದ್ವು. ಮೂರು ಸಲ ಹೇಳಿದ್ದೆ."

"ಆ ನೀರೆಲ್ಲ ವಾಪಸ್ ಬಚ್ಚಲಿಗೇ ಬಂತು. ಅಮ್ಮ ಜಾರಿಬಿದ್ದು ಕೈ ಮುರ್ಕೊಂಡಿದ್ದಾರೆ."

ಅವಳು ಪೈಪಿನಿಂದ ಗೋಣಿಚೀಲ ಕಿತ್ತು ತೆಗೆದಳು. ಸಂಜೆ ಕ್ಷಮೆ ಕೇಳಲು ಹೋದರೆ ಅವನು ಮುಖದ ಮೇಲೇ ಬಾಗಿಲು ಹಾಕಿದ.

ಮರುದಿನ ಬೇಲಿಯಾಚೆ ಗುದ್ದಲಿಯ ಸದ್ದು. ಮೇಸ್ತ್ರಿ ಬಚ್ಚಲ ನೀರು ಸೋಸುವ ಏರ್ಪಾಡು ಮಾಡುತ್ತಿದ್ದ. ಜಿಡ್ಡು, ಕೆಸರು ತಂಗಲು ಒಂದು ತೊಟ್ಟಿ. ಅದರಾಚೆ ಜಲ್ಲಿ, ಮರಳು ತುಂಬುವ ಉದ್ದನೆಯ ಗುಂಡಿ. ಕೊನೆಗೆ ಸೋಸಿದ ನೀರಿಗೆ ಇನ್ನೊಂದು ತೊಟ್ಟಿ.

"ಜಲ್ಲಿ ತೊಳೆದು ಹಾಕಿ. ಇಲ್ಲಾಂದ್ರೆ ಮಣ್ಣು ಕಟ್ಕೊಳ್ಳುತ್ತೆ," ಎಂದಳು.

"ನಿಮ್ಮ ಕೆಲಸ ನೀವು ನೋಡ್ಕೊಳ್ಳಿ."

ಆದರೆ ಬೆಳಿಗ್ಗೆ ನೋಡಿದರೆ ಜಲ್ಲಿ ತೊಳೆದು ಹೊಳೆಯುತ್ತಿತ್ತು. ಅವಳು ಕಾಬಾಳೆ ಹೂಗಿಡದ ಗೆಡ್ಡೆಗಳನ್ನು ಬೇಲಿಯಾಚೆ ಎಸೆದಳು.

"ಗುಂಡಿ ಮೇಲೆ ನೆಡಿ. ಕೊಳಕು ಹೀರುತ್ತೆ. ನಿಮ್ಮ ಮೇಲಿನ ಪ್ರೀತಿಗಲ್ಲ, ನನ್ನ ಸಸಿಗಳಿಗೋಸ್ಕರ."

"ಪ್ರೀತಿ ಅಂತ ನಾನೆಲ್ಲಿ ಅಂದೆ?"

ಒಳಗಿನಿಂದ ಪ್ಲಾಸ್ಟರ್ ಕೈಯ ಅಮ್ಮ ಕೂಗಿದರು: "ಬೇಲಿ ಹತ್ರ ಏನೋ ಕೆಲಸ ನಿಂಗೆ? ಗುಂಡಿ ಈ ಕಡೆ ಇದೆ!"

ಅವನ ಕಿವಿ ಕೆಂಪಾಯಿತು. ಅವಳು ನಗು ನುಂಗಿಕೊಂಡು ಬೆನ್ನು ತಿರುಗಿಸಿದಳು.

ಕಾಬಾಳೆ ಬೇರೂರಿದ ಮೇಲೆ ಕೊನೆಯ ತೊಟ್ಟಿಗೆ ತಿಳಿನೀರು ಬಂತು. ಅವಳು ನಂಬಲಿಲ್ಲ. ಒಂದೇ ಸಾಲು ಗುಲಾಬಿಗೆ ಹಾಯಿಸಿ ತಿಂಗಳು ಕಾದಳು. ಆ ಸಾಲಿನಲ್ಲಿ ಕೆಂಪು ಚಿಗುರು ಮೂಡಿದ ದಿನ ಅವನು ಬೇಲಿ ದಾಟಿ ಬಂದ.

"ಈಗಲಾದ್ರೂ ಒಪ್ಕೋತೀರಾ?"

"ನೀರು ಪರವಾಗಿಲ್ಲ. ನೀವು ಮಾತ್ರ ಹಾಗೇ ಇದ್ದೀರ."

"ನಿಮ್ಮ ಮೇಲೆ ನನಗೆ ಸಿಟ್ಟಿರಬೇಕು ಕಣ್ರೀ!" ಅವನ ದನಿ ಏರಿತು. "ಅಮ್ಮನ ಕೈ ನೋಡಿದಾಗೆಲ್ಲ ಸಿಟ್ಟು ತಂದ್ಕೋತೀನಿ. ನೀವು ಎದುರಿಗೆ ಬಂದ್ರೆ ಎಲ್ಲಾ ಹೊರಟೋಗುತ್ತೆ. ಏನ್ ಮಾಡ್ಲಿ, ನೀವೇ ಹೇಳಿ!"

ಅವಳು ಕೈಯ ಮಣ್ಣು ಒರೆಸಿಕೊಂಡಳು. ಅವನ ಹುಬ್ಬಿನ ಮೇಲೆ ಒಣಗಿದ ಸಿಮೆಂಟು. ಅದನ್ನೇ ನೋಡುತ್ತಾ ಹೇಳಿದಳು: "ನನಗಂತೂ ಸಿಟ್ಟು ಹೋಗಿಲ್ಲ. ಮದುವೆ ಆದ್ಮೇಲೂ ಹೋಗಲ್ಲ."

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಇನ್ನೊಂದ್ಸಲ ಹೇಳಿ," ಎಂದ ಮೆಲ್ಲಗೆ. "ಬೈದುಕೊಂಡೇ ಹೇಳಿ, ಪರವಾಗಿಲ್ಲ."

ಹೇಳಿದಳು. ಬೈದುಕೊಂಡೇ.