ಬ್ಯಾಕ್ಟೀರಿಯಾಕ್ಕೊಂದು ಕೋಣೆ

ನಾಲ್ಕನೇ ಸಲವೂ ಅವನು ಬ್ಯಾಕ್ಟೀರಿಯಾದೊಳಗೆ ನ್ಯೂಕ್ಲಿಯಸ್ ಬರೆದಿಟ್ಟಿದ್ದ. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು.

ನಾನು ಹೈಸ್ಕೂಲಿನ ಜೀವಶಾಸ್ತ್ರದ ಟೀಚರ್. ಪಠ್ಯಪುಸ್ತಕಕ್ಕೆ ಜೀವಕೋಶದ ಪಾಠ ಬರೆದಿದ್ದೆ. ಅದಕ್ಕೆ ಬೇಕಾದದ್ದು ಒಂದೇ ಚಿತ್ರ: ಎಡಕ್ಕೆ ಬ್ಯಾಕ್ಟೀರಿಯಾ, ಅಂದರೆ ಪ್ರೊಕ್ಯಾರಿಯೋಟ್, ಬಲಕ್ಕೆ ನಮ್ಮಂಥ ಪ್ರಾಣಿಗಳ ಕೋಶ, ಯೂಕ್ಯಾರಿಯೋಟ್. ಪ್ರಕಾಶಕರು ಆ ಕೆಲಸವನ್ನು ಮನೆ ಪ್ಲಾನ್ ಬರೆಯುವವನಿಗೆ ಒಪ್ಪಿಸಿದ್ದರು. ಗೆರೆ ನೇರ, ಅಕ್ಷರ ಮುತ್ತಿನಂತೆ. ಆದರೆ ಗೋಡೆ ಎಬ್ಬಿಸದೆ ಆ ಕೈ ಸುಮ್ಮನಿರದು.

"ಇದಕ್ಕೆ ನ್ಯೂಕ್ಲಿಯಸ್ ಇಲ್ಲ ಅಂತ ಎಷ್ಟು ಸಲ ಹೇಳ್ಬೇಕು ರೀ? ಡಿಎನ್ಎ ಮಧ್ಯದಲ್ಲಿ ಹಾಗೇ ಸುತ್ತಿಕೊಂಡು ಬಿದ್ದಿರುತ್ತೆ."

"ಅಷ್ಟು ಮುಖ್ಯವಾದದ್ದನ್ನ ನಡುಮನೇಲಿ ಬಿಸಾಕೋದಾ ಮೇಡಂ? ಒಂದು ಕೋಣೆನಾದ್ರೂ ಬೇಡ್ವಾ?"

ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆಯುತ್ತ ಓರೆಗಣ್ಣಲ್ಲಿ ನನ್ನನ್ನೇ ನೋಡುತ್ತಿದ್ದ. ನೋಟಕ್ಕೇನೂ ಕಡಿಮೆಯಿಲ್ಲ, ಬಾಯಿಯದ್ದೇ ಬಡತನ. ಒಂದು ತಿಂಗಳಿಂದ ವಾರಕ್ಕೊಮ್ಮೆ ಬಸ್ಸು ಹತ್ತಿ ಅವನ ಆಫೀಸಿಗೆ ಬರುತ್ತಿದ್ದೆ. ಚಹಾ ತರಿಸುತ್ತಿದ್ದ, ಫ್ಯಾನನ್ನು ನನ್ನ ಕಡೆ ತಿರುಗಿಸುತ್ತಿದ್ದ. ಆಮೇಲೆ ಮತ್ತೆ ಬ್ಯಾಕ್ಟೀರಿಯಾ.

ಬಲಗಡೆಯ ಕೋಶದಲ್ಲೂ ತಂಟೆ. ಅಲ್ಲಿ ನ್ಯೂಕ್ಲಿಯಸ್ ಇರಬೇಕಾದದ್ದೇ, ಆದರೆ ಅದರ ಸುತ್ತಿನ ಪೊರೆಯಲ್ಲಿ ಅಲ್ಲಲ್ಲಿ ಕಿಂಡಿ ಬಿಟ್ಟಿದ್ದ. ಇಲ್ಲದಿದ್ದರೆ ಒಳಗಿನ ಸುದ್ದಿ ಹೊರಗೆ ಹೇಗೆ ಬರುತ್ತದೆ ಎಂದು ನನ್ನನ್ನೇ ಕೇಳಿದ. ಇದು ನಿಮ್ಮ ಮನೆ ಪ್ಲಾನ್ ಅಲ್ಲ ಎಂದು ಸಿಡುಕಿ, ಕೆಂಪು ಪೆನ್ನಿನಲ್ಲಿ ಎಲ್ಲ ಕಿಂಡಿಗಳನ್ನೂ ಮುಚ್ಚಿಸಿದೆ. ರೈಬೋಸೋಮ್ ಎರಡಕ್ಕೂ ಉಂಟು, ಮೈಟೋಕಾಂಡ್ರಿಯಾ ಬಲಗಡೆಯದಕ್ಕೆ ಮಾತ್ರ ಎಂದು ಮತ್ತೊಮ್ಮೆ ಬರೆಸಿದೆ.

ಐದನೇ ವಾರ, ಪ್ರೆಸ್ಸಿನ ಗಡುವು ಹತ್ತಿರವಾದಾಗ, ಎಲ್ಲ ಸರಿಯಿತ್ತು. ಭೂತಗನ್ನಡಿ ಹಿಡಿದು ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. ಸಹಿ ಹಾಕಿದೆ. ಇನ್ನು ಇಲ್ಲಿಗೆ ಬರಲು ನೆಪವೇ ಇಲ್ಲವಲ್ಲ ಎಂದು ಆಗ ಹೊಳೆಯಿತು. ಅವನು ಏನಾದರೂ ಹೇಳಿಯಾನೆಂದು ಚಪ್ಪಲಿ ಹಾಕಿಕೊಳ್ಳಲು ಐದು ನಿಮಿಷ ತೆಗೆದುಕೊಂಡೆ. ಥ್ಯಾಂಕ್ಸ್ ಮೇಡಂ ಅಂದ, ಅಷ್ಟೇ.

ಮನೆಯಲ್ಲಿ ಪಾತ್ರೆಗಳನ್ನು ಕುಕ್ಕಿದೆ. ಬ್ಯಾಕ್ಟೀರಿಯಾ ನೋಡಲು ಹೋಗುವವಳಿಗೆ ಕಾಡಿಗೆ ಬೇರೆ ಯಾಕೆ ಬೇಕಿತ್ತು ಎಂದು ಅತ್ತಿಗೆ ಕಿಚಾಯಿಸಿದಳು. ಅಳು ಬರುವಷ್ಟು ಸಿಟ್ಟು ಬಂತು.

ಮರುದಿನ ಪಾಠಕ್ಕೆಂದು ದಪ್ಪ ಪುಸ್ತಕ ತೆರೆದರೆ, ನ್ಯೂಕ್ಲಿಯಸ್ಸಿನ ಪೊರೆಯ ತುಂಬ ರಂಧ್ರಗಳು! ಕಾಲೇಜಿನಲ್ಲಿ ಉರುಹೊಡೆದದ್ದು ಅವನ ಮೇಲಿನ ಕೋಪದಲ್ಲಿ ಮರೆತೇಹೋಗಿತ್ತು. ಒಳಗಿನ ಸಂದೇಶ ಹೊರಬರುವುದು ಆ ರಂಧ್ರಗಳಿಂದಲೇ. ಸಂಜೆ ಚಿತ್ರ ಪ್ರೆಸ್ಸಿಗೆ ಹೋಗುವುದಿತ್ತು. ಶಾಲೆ ಬಿಟ್ಟ ಕೂಡಲೇ ಅವನಲ್ಲಿಗೆ ಓಡಿದೆ.

ಹಾಳೆಯನ್ನು ಸುರುಳಿ ಸುತ್ತುತ್ತಿದ್ದ. ತಪ್ಪು ನನ್ನದೇ, ಕಿಂಡಿಗಳು ಬೇಕಿತ್ತು ಎಂದೆ. ಬೈಯಲಿ ಎಂದು ಕಾದು ನಿಂತೆ. ಅವನು ಪ್ರಕಾಶಕರಿಗೆ ಫೋನ್ ಮಾಡಿ ಎರಡು ದಿನ ಕೇಳಿಕೊಂಡ. ನನ್ನ ಹೆಸರೆತ್ತದೆ ತಪ್ಪನ್ನು ತನ್ನ ಮೇಲೆ ಹಾಕಿಕೊಂಡ. ನನ್ನ ತಾಳ್ಮೆ ಕೆಟ್ಟಿತು.

"ನಾನು ಬರೆದದ್ದೇ ಸರಿ ಅಂತ ಆವತ್ತೇ ಒಂದು ಮಾತು ಜಗಳ ಆಡೋಕಾಗ್ತಿರಲಿಲ್ವಾ ನಿಮಗೆ?"

"ಆಡಿದ್ರೆ ನೀವು ಕೋಪ ಮಾಡ್ಕೊಂಡು ಬರೋದು ಬಿಟ್ಟುಬಿಟ್ರೆ? ಈಗ ನಾಡಿದ್ದು ಚಿತ್ರ ನೋಡೋಕಾದ್ರೂ ಬರ್ತೀರಲ್ಲ."

"ಚಿತ್ರ ಇಲ್ಲದಿದ್ರೂ ಬರ್ತೀನಿ ಕಣ್ರೀ," ಎಂದುಬಿಟ್ಟೆ. "ನಿಮ್ಮನ್ನ ನೋಡೋಕೇ ಬರ್ತಿದ್ದದ್ದು."

ಅವನ ಕಿವಿ ಕೆಂಪಾಯಿತು. ಆಮೇಲೆ ಸುರುಳಿ ಬಿಚ್ಚಿ ಮೇಜಿನ ಮೇಲೆ ಹರಡಿದ.

"ಹಾಗಾದ್ರೆ ಬೇಗ ಮುಗಿಸ್ತೀನಿ."

ಎರಡು ದಿನ ಕೇಳಿದ್ದ ಮನುಷ್ಯ ಅರ್ಧ ಗಂಟೆಯಲ್ಲಿ ಮುಗಿಸಿದ. ಹಿಂದಿನ ಐದು ವಾರ ನಾನು ಬರುತ್ತಿರಲಿ ಎಂದೇ ಬೇಕಂತ ತಪ್ಪು ಬರೆದು ಎಳೆದಿದ್ದ ಎಂದು ಆಗ ತಿಳಿಯಿತು. ಮತ್ತೆ ಸಿಟ್ಟು ಬಂತು. ಸಿಟ್ಟಿನಲ್ಲೇ ಕುರ್ಚಿ ಎಳೆದುಕೊಂಡು ಅವನ ಪಕ್ಕದಲ್ಲಿ ಕೂತೆ.