ಹೂಜಿಯ ತೂಕದ ಮಣ್ಣು

"ಮಣ್ಣು ತುಂಬಿ ಮೊಳಿ ಹೊಡದಾನ ಅಂತಾರ್ರಿ ಆಪಾ. ಅಷ್ಟು ಹುಷಾರಿ ನನ್ನ ಮಗನಲ್ಲಿ ಇದ್ದಿದ್ರ ನಾ ಯಾಕ ಇಷ್ಟು ವರ್ಷ ಅವನ ಕಾಳಜಿ ಮಾಡ್ತಿದ್ದೆ?"

ಅಂಜನಾಬಾಯಿ ಸಂತಪುರದಿಂದ ಮೊದಲ ಬಸ್ಸಿಗೆ ಬೀದರಿಗೆ ಬಂದಿದ್ದಳು. ಎದುರಿಗಿಟ್ಟ ಚಹಾ ಕೆನೆಗಟ್ಟುತ್ತಿತ್ತು, ಅವಳು ಮುಟ್ಟಿರಲಿಲ್ಲ. ಕೇಳುತ್ತ ಕುಳಿತಿದ್ದ ಅಜೀಜಾ ಬೇಗಂ ಫೌಜದಾರರಾಗಿ ನಿವೃತ್ತರಾದವರು. ಚೌಬಾರಾ ಗೋಪುರದ ಸುತ್ತಲಿನ ಓಣಿಗಳಲ್ಲಿ ಏನೇ ಕಳುವಾಗಲಿ, ಜನ ಠಾಣೆಗೆ ಹೋಗುವ ಮೊದಲು ಅವರ ಕಟ್ಟೆಗೆ ಬಂದು ಕೂರುವುದು ರೂಢಿಯಾಗಿಬಿಟ್ಟಿತ್ತು. ಪಕ್ಕದ ಮನೆಯ ಧಮ್ಮಪಾಲ, ಸಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು, ಆ ಕಟ್ಟೆಯ ಕಾಯಂ ಗಿರಾಕಿ. ಯಾರ ಮನೆಯ ಕಳವಾದರೂ ಸಂಕಟ ಅವನ ಹೊಟ್ಟೆಯಲ್ಲಿ ಶುರುವಾಗುತ್ತಿತ್ತು.

"ಸ್ವಪ್ನಿಲಗ ಪೋಸ್ಟಿನ್ಯಾಗ ನೌಕರಿ ಆಗ್ಯಾದ ಅಂದಿದ್ದಿರಲ್ಲ?" ಎಂದು ಅವನೇ ಕೇಳಿದ.

"ಆಗ್ಯಾದ್ರಿ ಮಾಸ್ತರ. ಪೊಲೀಸ್ ವೆರಿಫಿಕೇಶನ್ ಒಂದು ಉಳಿದದ. ಸಂಜಿಗಿ ಕಂಪ್ಲೇಂಟ್ ಕೊಡ್ತೇನಿ ಅಂದಾರ ಸಾವಕಾರ್ರು. ಕೇಸ್ ಬಿತ್ತಂದ್ರ ನೌಕರಿ ಹೋಯ್ತು."

ನಡೆದದ್ದು ಇಷ್ಟು. ಭಾಲ್ಕಿಯ ಮಲ್ಲಿಕಾರ್ಜುನಪ್ಪ ಬೀದರಿನಲ್ಲಿ ಬಿದ್ರಿ ಸಾಮಾನಿನ ಕಾರ್ಖಾನೆ ಇಟ್ಟವರು. ಅಂಜನಾಬಾಯಿಯ ಮಗ ಸ್ವಪ್ನಿಲ ಅಲ್ಲಿ ಪೆಟ್ಟಿಗೆ ಕಟ್ಟುವ ಕೆಲಸಕ್ಕಿದ್ದ. ಹಾಲೆಂಡಿನ ಒಬ್ಬ ವ್ಯಾಪಾರಿ ಬೆಳ್ಳಿ ಕುಸುರಿಯ ಎರಡು ದೊಡ್ಡ ಹೂಜಿ ತರಿಸಿಕೊಳ್ಳುತ್ತಿದ್ದ. ಆ ಕಡೆಯ ಕಸ್ಟಮ್ಸಿನವರ ಕಾನೂನು ಈಗ ಬಿಗಿ: ಮಾಲು ವಿಮಾನ ಹತ್ತುವ ಮೊದಲೇ, ಒಳಗಿರುವುದು ಏನು, ಯಾವ ಲೋಹದ್ದು, ಎಷ್ಟು ತೂಕ, ಕಳಿಸುವವರು ಯಾರು, ಪಡೆಯುವವರು ಯಾರು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ತಿಳಿಸಿರಬೇಕು. ಸುಮ್ಮನೆ "ಗಿಫ್ಟ್ ಸಾಮಾನು" ಎಂದರೆ ನಡೆಯುವುದಿಲ್ಲ. ಎಲ್ಲ ತಿಳಿಸಿಯೇ ಕಳಿಸಿದ್ದರು. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಖಾಲಿ ಪೆಟ್ಟಿಗೆಯ ಭಾರ ಕಳೆದರೆ ಎರಡರ ತೂಕವೂ ತಿಳಿಸಿದ್ದಕ್ಕೆ ಸರಿಯಾಗಿ ಕೂತಿತು. ಆದರೆ ಎಕ್ಸ್‌ರೇಯಲ್ಲಿ ಒಂದರೊಳಗೆ ಲೋಹವೇ ಕಾಣಲಿಲ್ಲ. ಬಿಚ್ಚಿ ನೋಡಿದರೆ ಹೂಜಿಯ ಜಾಗದಲ್ಲಿ ಮಣ್ಣಿನ ಚೀಲ.

"ನಡೀರಿ ಮಾಸ್ತರ," ಎಂದು ಅಜೀಜಾ ಬೇಗಂ ಚಪ್ಪಲಿ ಮೆಟ್ಟಿದರು.

ಮೂವರೂ ಹೋದಾಗ ಕಾರ್ಖಾನೆಯ ಮುಂದೆ ಹೈದರಾಬಾದಿನಿಂದ ಮರಳಿದ ಟೆಂಪೊ ಆಗತಾನೆ ನಿಂತಿತ್ತು. ಇಳಿಸುವವರು ಯಾರೂ ಕಾಣದ್ದರಿಂದ ಧಮ್ಮಪಾಲನೇ ಅಂಗಿಯ ತೋಳು ಮಡಿಸಿದ. ಮೊದಲ ಪೆಟ್ಟಿಗೆ ಎತ್ತುವಾಗ ಅವನ ಮೀಸೆ ಕುಣಿಯಿತು, ಸೊಂಟ ಕರಕ್ ಎಂದಿತು.

"ಡ್ರಿಲ್ ಬಿಟ್ಟು ಭಾಳ ದಿನ ಆಯ್ತು ಕಾಣ್ತದ," ಎಂದರು ಅಜೀಜಾ ಬೇಗಂ.

ಮಾನ ಹೋದಂತಾಗಿ ಅವನು ಎರಡನೆಯದನ್ನು ಒಂದೇ ಉಸಿರಿಗೆ ಎತ್ತಿ, ನಗುತ್ತಲೇ ಅಂಗಳಕ್ಕೆ ತಂದಿಟ್ಟ. "ನೋಡಿದ್ರಿಲ್ಲೋ? ಮೈ ಕಾಯಬೇಕಷ್ಟೇ." ಅಜೀಜಾ ಬೇಗಂ ಅವನನ್ನು ಒಂದು ಗಳಿಗೆ ಹೆಚ್ಚೇ ನೋಡಿದರು. ಮೆಚ್ಚುಗೆ ಎಂದುಕೊಂಡ ಧಮ್ಮಪಾಲ.

ಸ್ವಪ್ನಿಲ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ. ತಾಯಿಯನ್ನು ಕಂಡು ತಲೆ ಇನ್ನಷ್ಟು ತಗ್ಗಿಸಿದ. ಮಲ್ಲಿಕಾರ್ಜುನಪ್ಪ ಕುರ್ಚಿ ತರಿಸಿದರು.

"ನೀವು ಬಂದದ್ದು ಚಲೋ ಆಯ್ತು ಆಪಾ. ಆದ್ರ ಇದರಾಗ ಪತ್ತೆ ಹಚ್ಚೋದೇನದ? ಪೆಟಗಿಗಿ ಮೊಳಿ ಹೊಡದವ ಇವನೊಬ್ಬನೇ."

"ಹೂಜಿ ಇವನ ಕೈಗೆ ಕೊಟ್ಟೋರು ಯಾರು?"

"ನಾನ್ರೀ," ಎಂದು ಮುಂದೆ ಬಂದವನು ಮ್ಯಾನೇಜರ್ ಸಂತೋಷಕುಮಾರ. ಭಾಲ್ಕಿಯವನೇ, ಈ ಹೊಸ ಕಾನೂನನ್ನೆಲ್ಲ ಕುಳಿತು ಕಲಿತವನು. "ಸಲಾವೋದ್ದೀನ ಉಸ್ತಾದ್ರು ತಯಾರು ಮಾಡಿ ಮ್ಯಾಲ ನನ್ನ ಆಫೀಸಿಗೆ ಕೊಟ್ರು. ನಾ ಸುತ್ತಿ, ತೂಗಿ, ತೂಕ ಕಸ್ಟಮ್ಸಿಗೆ ತಿಳಿಸಿ, ಗಂಟು ಕೆಳಗ ಕಳಿಸ್ದೆ. ಹೈದರಾಬಾದಿನ್ಯಾಗ ತೂಕ ಸರೀ ಬಂತು. ಅಂದ್ರ ಕೆಳಗಿನೋರು ಯಾರೋ ಹೂಜಿ ತೆಗೆದು, ಅದರ ತೂಕದಷ್ಟೇ ಮಣ್ಣು ತೂಗಿ ಇಟ್ಟಾರ." ಅವನು ದನಿ ತಗ್ಗಿಸಿದ. "ಅದು ಕಿಲ್ಲಾದ ಮಣ್ಣ್ರೀ. ಅದು ಯಾರ ಖೋಲಿಯಾಗ ಇರ್ತದ ಅಂತ ನಾ ಹೇಳಬೇಕೇನು?"

ಒಲೆಯ ಮುಂದೆ ಕುಳಿತಿದ್ದ ಮುದುಕ ಉಸ್ತಾದ ತಲೆ ಎತ್ತಿದ. ಬಿದ್ರಿ ಸಾಮಾನು ಕಪ್ಪಾಗುವುದೇ ಕೋಟೆಯ ಮಣ್ಣಿನಿಂದ. ಸಲಾವೋದ್ದೀನನ ಖೋಲಿಯ ಮೂಲೆಯಲ್ಲಿ ಅದರ ಗುಡ್ಡೆ ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಧಮ್ಮಪಾಲ ಮುದುಕನ ಕಡೆ ನೋಡಿದ. ಹುಡುಗನ ಜೊತೆ ಮುದುಕನೂ ಸಿಕ್ಕಿಬಿದ್ದನಲ್ಲ.

ಅಜೀಜಾ ಬೇಗಂ ಚೀಲದ ಬಾಯಿ ಬಿಚ್ಚಿ, ಬೆರಳಿನಿಂದ ಕೆದಕಿದರು. ಮಣ್ಣಿನ ಹೆಂಟೆಗಳ ನಡುವೆ ಕೂದಲಿನಂಥ ಒಣ ಹುಲ್ಲಿನ ಬೇರು. ಉಸ್ತಾದನನ್ನು ಕರೆದರು. ಅವನು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿಕೊಂಡು, ಥೂ ಎಂದು ಉಗುಳಿದ.

"ಕಿಲ್ಲಾದ್ದೇ, ಆದ್ರ ಮಳಿ ಕಂಡ ಮಣ್ಣು. ಬಯಲಿಂದು. ಇದರಾಗ ಕುದಿಸಿದ್ರ ಹೂಜಿ ಬೂದಿಬಣ್ಣ ಆಗ್ತದ. ನಾವು ತರೋದು ಛತ್ತಿನ ಕೆಳಗಿಂದು, ಬಿಸಲು ಮಳಿ ತಾಗದ್ದು."

"ಮಣ್ಣು ಮಣ್ಣೇ ಅಲ್ಲೇನ್ರಿ," ಎಂದು ನಕ್ಕ ಸಂತೋಷಕುಮಾರ.

"ಎರಡು ಹೂಜಿನ್ಯಾಗ ಫರಕ್ ಏನರ ಅದ ಏನು ಉಸ್ತಾದ್?" ಅಜೀಜಾ ಬೇಗಂ ಕೇಳಿದರು.

"ಏನೂ ಇಲ್ಲ ಬಾಯಿ. ಜೋಡಿ ಅವು. ಬಾಜೂಕ ಬಾಜೂಕ ಇಟ್ರ ನನಗೇ ಗುರ್ತು ಸಿಗಲ್ಲ."

ವಿಚಾರಣೆಯಲ್ಲೇ ಮಧ್ಯಾಹ್ನ ಮೀರಿ ಹೊತ್ತು ಇಳಿಯತೊಡಗಿತ್ತು. ಮಲ್ಲಿಕಾರ್ಜುನಪ್ಪ ಫೋನು ಕೈಗೆ ತಗೊಂಡರು. "ಆಪಾ, ಇನ್ನ ನಾ ಠಾಣಾಕ್ಕ..."

"ತಕ್ಕಡಿ ತರಸ್ರಿ ಮೊದಲು. ಎಲ್ಲಾರೂ ಇಲ್ಲೇ ಕೂಡ್ರಿ."

ಮೇಲಿನ ಆಫೀಸಿನ ತೂಕದ ಯಂತ್ರ ಅಂಗಳಕ್ಕೆ ಬಂತು. ಮಣ್ಣಿನ ಗಂಟು ಇಟ್ಟರು. ಸಂತೋಷಕುಮಾರ ಮೊದಲೇ ತಿಳಿಸಿದ್ದ ತೂಕ, ತಪ್ಪದೆ.

"ನಾ ಹೇಳ್ಲಿಲ್ಲೇನ್ರಿ?" ಎಂದ ಅವನು.

"ಹೇಳ್ದಿ. ಈಗ ಮಣ್ಣು ಇಳಿಸಿ ಆ ಇನ್ನೊಂದು ಹೂಜಿ ಇಡು."

ಉಳಿದ ಹೂಜಿಯನ್ನು ಅದರ ಸುತ್ತಿದ ಬಟ್ಟೆಯ ಸಮೇತ ಇಟ್ಟರು. ಯಂತ್ರದ ಅಂಕಿ ಸರಸರನೆ ಏರಿ, ಮಣ್ಣಿಗಿಂತ ಮೂರರಲ್ಲಿ ಒಂದು ಪಾಲು ಹೆಚ್ಚಿಗೆ ನಿಂತಿತು. ಮಲ್ಲಿಕಾರ್ಜುನಪ್ಪನ ಫೋನು ಮಡಿಲಿಗೆ ಇಳಿಯಿತು.

"ನಮ್ಮ ಮಾಸ್ತರ ಸೊಂಟ ಇದನ್ನ ಮುಂಜಾನಿನೇ ಹೇಳಿತ್ತು," ಎಂದರು ಅಜೀಜಾ ಬೇಗಂ. "ಒಂದು ಪೆಟಗಿಗಿ ಮೀಸಿ ಕುಣಿತು, ಇನ್ನೊಂದಕ್ಕ ಕುಣೀಲಿಲ್ಲ. ಒಳಗ ಜೋಡಿ ಹೂಜಿ ಇರಬೇಕಾದ ಪೆಟಗಿ ಹ್ಯಾಂಗ ಹಗುರ ಭಾರ ಆಗ್ತಾವ? ಕೇಳ್ರಿ ಸಾವಕಾರ್ರೆ. ಸ್ವಪ್ನಿಲ ಕೆಳಗ ಹೂಜಿ ಬದಲಿ ಮಾಡಿದ್ದಂದ್ರ, ಅಷ್ಟೊತ್ತಿಗಾಗಲೇ ಕಸ್ಟಮ್ಸಿಗಿ ಹೋಗಿದ್ದು ಹೂಜಿ ತೂಕ. ಅವ ಆ ತೂಕದ ಮಣ್ಣು ತುಂಬಬೇಕಿತ್ತು. ಇಲ್ಲಿ ಮಣ್ಣು ಹೂಜಿಗಿಂತ ಹಗುರ, ಆದರೂ ತಿಳಿಸಿದ ತೂಕಕ್ಕ ಸರಿ. ಹ್ಯಾಂಗ?"

ಧಮ್ಮಪಾಲನಿಗೆ ತಟ್ಟನೆ ಹೊಳೆಯಿತು. "ಮಣ್ಣನ್ನೇ ತೂಗಿ ತಿಳಿಸ್ಯಾರ್ರಿ."

"ಹಾಂ. ಮಣ್ಣು ಹೂಜಿ ತೂಕಕ್ಕ ಹೊಂದಿಕೊಳ್ಳಲಿಲ್ಲ. ಕಸ್ಟಮ್ಸಿಗಿ ಹೋದದ್ದೇ ಮಣ್ಣಿನ ತೂಕ. ಆವಾಗ ತಕ್ಕಡಿ ಇದ್ದದ್ದು ಮ್ಯಾಲಿನ ಆಫೀಸಿನ್ಯಾಗ, ತೂಗಿದವ ಒಬ್ಬನೇ. ತೂಕ ಸರಿಯಿದ್ರ ಯಾರೂ ಬಿಚ್ಚಲ್ಲ ಅಂದ್ಕೊಂಡಾನ. ಲೋಹ ಅಂತ ಹೇಳಿದ ಮ್ಯಾಲ ಲೋಹ ಅದನೋ ಇಲ್ಲೋ ನೋಡ್ತಾರ ಅಂಬೋದು ಮರೆತಾನ. ಅಕಸ್ಮಾತ್ ಸಿಕ್ರೂ ಉಸ್ತಾದರ ಮ್ಯಾಲ ಬರ್ಲಿ ಅಂತ ಕಿಲ್ಲಾದ ಮಣ್ಣು ತಂದಾನ, ಬಯಲಾಗಿಂದು ಬಗೆದು. ಖೋಲಿಯಾಗ ಗುಡ್ಡಿ ಇದ್ದ ಉಸ್ತಾದ್ರು ಹುಲ್ಲಿನ ಬೇರು ಕಿತ್ಕೊಂತ ಬಯಲಿಗಿ ಯಾಕ ಹೋಗ್ತಾರ?"

"ನಾ ಕೇಳಿದ್ದೆರಿ," ಗೋಡೆಯ ಕಡೆಯಿಂದ ಸ್ವಪ್ನಿಲನ ದನಿ ಮೊದಲ ಸಲ ಬಂತು. "ಈ ಗಂಟು ಹಗುರ ಅದಲ್ಲ ಅಂತ. 'ಅದರ ಎರಕ ತೆಳು ಬಂದದ, ಸುಮ್ಮ ಮೊಳಿ ಹೊಡಿ' ಅಂದ್ರು ಸಂತೋಷಣ್ಣ."

"ಇದನ್ನ ಯಾಕ ಹೇಳ್ಲಿಲ್ಲೋ ಮತ್ತ?" ಎಂದರು ಮಲ್ಲಿಕಾರ್ಜುನಪ್ಪ.

"ನೀವು ಬೈತಾ ಇದ್ದಿರಿ. ಕೇಳ್ಲಿಲ್ರಿ."

"ಎರಕ ತೆಳು ಬಂದ್ರ ನಾ ಒಡದು ಮತ್ತ ಕರಗಸ್ತೇನಿ," ಎಂದ ಸಲಾವೋದ್ದೀನ, ಯಾರ ಕಡೆಗೂ ನೋಡದೆ. "ಅದರ ಮ್ಯಾಲ ಬೆಳ್ಳಿ ಕೂಡಸ್ತೇನೇನು?"

ಸಂತೋಷಕುಮಾರನ ಮುಖ ಒಣಗಿತ್ತು. ಅವನು ಅಜೀಜಾ ಬೇಗಂ ಕಡೆ ತಿರುಗಿದ.

"ಕಾನೂನು ಕಲಿತವ ನಾನು, ಆ ಹಾಲೆಂಡಿನವನ ಜೋಡಿ ಮಾತಾಡವ ನಾನು. ಹೆಸರು ಮಾತ್ರ ಸಾವಕಾರ್ರದು. ಸ್ವಂತ ಕಂಪನಿ ಮಾಡಬೇಕಂದ್ರ ಹೊರಗಿನೋರಿಗಿ ತೋರ್ಸಲಾಕ ಒಂದು ನಮೂನಿ ಬೇಕಿತ್ತು. ಹೂಜಿ ಭಾಲ್ಕಿ ಮನ್ಯಾಗ ಜ್ವಾಳದ ಡಬ್ಬಿಯಾಗ ಅದ."

"ನಿನ್ನ ಕಂಪನಿಗಿ ಈ ತಾಯಿ ಮಗನ ನೌಕರಿ ಬೇಕಿತ್ತೇನು?" ಎಂದರು ಅಜೀಜಾ ಬೇಗಂ.

ಮಲ್ಲಿಕಾರ್ಜುನಪ್ಪ ಎದ್ದು ಅಂಜನಾಬಾಯಿಯ ಮುಂದೆ ನಿಂತರು. "ಕಂಪ್ಲೇಂಟ್ ಕೊಡ್ತೇನ್ರಿ ಬಾಯಿ," ಎಂದರು, "ಆದ್ರ ನಿಮ್ಮ ಹುಡುಗನ ಹೆಸರು ಅದರಾಗ ಇರಲ್ಲ."

"ಅವನ ಮುಖ ನೋಡಿ ಹೇಳ್ರಿ," ಎಂದಳು ಅಂಜನಾಬಾಯಿ. ಅವರು ಸ್ವಪ್ನಿಲನ ಕಡೆ ತಿರುಗಿ ಹೇಳಿದರು.

"ಮಾಸ್ತರ, ಪೆಟಗಿ ಒಳಗಿಡ್ರಿ," ಎಂದರು ಅಜೀಜಾ ಬೇಗಂ ಚಪ್ಪಲಿ ಹುಡುಕುತ್ತ. "ಹೂಜಿ ಬಂದ ಮ್ಯಾಲ ಎರಡೂ ಹೊಸದಾಗಿ ತೂಗಿ ತಿಳಿಸ್ತಾರ."

"ಯಾವುದಿಡ್ಲಿ, ಹಗುರದ್ದೇನ್ರಿ?"

"ಭಾರದ್ದು."

ಧಮ್ಮಪಾಲ ನಿಟ್ಟುಸಿರಿಟ್ಟು, ಹೂಜಿಯನ್ನು ಪೆಟ್ಟಿಗೆಗೆ ಮರಳಿಸಿ, ಸೊಂಟ ಹಿಡಿದುಕೊಂಡು ಬಾಗಿದ. ಅವನು ಎತ್ತುವಷ್ಟರಲ್ಲಿ ಪೆಟ್ಟಿಗೆಯ ಆಚೆ ತುದಿ ತಾನಾಗಿ ಮೇಲೆದ್ದಿತು. ಸ್ವಪ್ನಿಲ ಗೋಡೆ ಬಿಟ್ಟು ಬಂದು ಕೈ ಕೊಟ್ಟಿದ್ದ.