ಏಳನೆಯ ಸುತ್ತು

ಲೌರಿ ನಾಲ್ಕನೆಯ ಸಲ ತನ್ನ ಕುಣಿತದ ಬೂಟುಗಳನ್ನು ತಂದು ಗೆಥಿನ್‌ನ ಕೆಲಸದ ಮಣೆಯ ಮೇಲೆ ಇಟ್ಟಾಗ ಅವನು ತಲೆ ಎತ್ತಲಿಲ್ಲ. ಬಾಗಿಲಲ್ಲಿ ಕುರಿಯುಣ್ಣೆಯ ವಾಸನೆ ಸುಳಿದಾಗಲೇ ಯಾರೆಂದು ಗೊತ್ತಾಗಿತ್ತು. ಕುರಿಗಳು ಮರಿ ಹಾಕುವ ಕಾಲ. ಬೆಳಗಿನಿಂದ ಅಪ್ಪನ ದೊಡ್ಡಿಯಲ್ಲಿದ್ದು, ಕೈ ತೊಳೆದು ನೇರ ಇಲ್ಲಿಗೆ ಬಂದಿದ್ದಳು.

"ಎಡಗಾಲಿಂದು ತಡ ಮಾಡುತ್ತೆ," ಅಂದಳು.

"ಮರ ತಡ ಮಾಡಲ್ಲ. ಕಾಲು ಮಾಡುತ್ತೆ."

"ನನ್ನ ಕಾಲಿಗೆ ಹದಿನಾಲ್ಕು ವರ್ಷದ ಅಭ್ಯಾಸ ಇದೆ. ನಿನ್ನ ಮರಕ್ಕೆ?"

"ಎಪ್ಪತ್ತು ವರ್ಷದ್ದು. ನಮ್ಮಜ್ಜ ನೆಟ್ಟಿದ್ದು."

ಅವಳ ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. ಕಿವಿಯ ಹಿಂದೆ ಕೂದಲಲ್ಲಿ ಒಂದು ಹುಲ್ಲಿನ ಕಡ್ಡಿ ಸಿಕ್ಕಿಕೊಂಡಿತ್ತು. ಹೇಳಬೇಕೆಂದುಕೊಂಡ ಗೆಥಿನ್, ಹೇಳಲಿಲ್ಲ. ಹೇಳಿದರೆ ತೆಗೆದುಹಾಕಿಬಿಡುತ್ತಾಳೆ.

ಈ ಬೂಟಿಗೆ ಮೇಲೆ ಚರ್ಮ, ಕೆಳಗೆ ಮರದ ಅಟ್ಟೆ. ಆ ಅಟ್ಟೆ ನೆಲಕ್ಕೆ ತಾಗುವ ಸದ್ದೇ ಆ ಸೀಮೆಯ ಕುಣಿತದ ಜೀವ. ಗೆಥಿನ್ ಎಡ ಬೂಟಿನ ಅಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. ಗೆಣ್ಣುಗಂಟು ಒಂದೂ ಇಲ್ಲ. ಬೆರಳಿನಿಂದ ತಟ್ಟಿದರೆ ಬಲಗಾಲಿನದರಷ್ಟೇ ಚೊಕ್ಕ ದನಿ. ಆದರೂ ಹಿಮ್ಮಡಿಯ ಕಡೆ ಒಂದು ಕೂದಲೆಳೆಯಷ್ಟು ಹೆರೆದುಕೊಟ್ಟ. ಅವಳು ಥ್ಯಾಂಕ್ಸ್ ಹೇಳದೆ ಎತ್ತಿಕೊಂಡು ಹೋದಳು.

ಮೇ ತಿಂಗಳಿಗೆ ಇನ್ನು ಐದು ವಾರವಿತ್ತು. ಆಗ ಅಬರಿಸ್ಟ್ವಿತ್‌ನಲ್ಲಿ ನೃತ್ಯ ತಂಡವೊಂದಕ್ಕೆ ಕುಣಿಯುವವರ ಆಯ್ಕೆ. ವರ್ಷದಲ್ಲಿ ಎಂಟು ತಿಂಗಳು ಊರೂರು ತಿರುಗಿ ಕುಣಿಯುವ, ಅದಕ್ಕೆ ಸಂಬಳ ಕೊಡುವ ತಂಡ. ಹೋದ ವರ್ಷ ಲೌರಿಗೆ ಒಂದೇ ಒಂದು ಹೆಜ್ಜೆಯಲ್ಲಿ ತಪ್ಪಿಹೋಗಿತ್ತು. ಇಪ್ಪತ್ತಮೂರು ತುಂಬಿದವರನ್ನು ಅವರು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ಅವಳಿಗೆ ಆಗಸ್ಟಿನಲ್ಲಿ ಇಪ್ಪತ್ತಮೂರು. ಈ ಸಲವೂ ಆಗದಿದ್ದರೆ ಚೀಸ್ ಫ್ಯಾಕ್ಟರಿಯ ಕೆಲಸಕ್ಕೆ ಸೇರುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದಳು.

ಅವಳಿಗೆ ಕಲಿಸುತ್ತಿದ್ದವಳು ಮಾರ್ಗೆಡ್, ಊರಿಗೆಲ್ಲ ಆಂಟಿ. ಎಪ್ಪತ್ತನಾಲ್ಕು ವರ್ಷ. ಅವಳ ಕಾಲದ ಸ್ಪರ್ಧೆಗಳಲ್ಲಿ ತೀರ್ಪುಗಾರರು ಪರದೆಯ ಹಿಂದೆ ಕೂರುತ್ತಿದ್ದರು. ಮುಖ ಚೆಂದವಿದೆಯೆಂದೋ ಲಂಗ ಹೊಸದೆಂದೋ ಅಂಕ ಬೀಳಬಾರದು, ಕಿವಿಗೆ ಬಿದ್ದದ್ದಕ್ಕೆ ಮಾತ್ರ ಬೀಳಬೇಕು. ಆ ತಂಡದವರು ಇಂದಿಗೂ ಅದೇ ಪದ್ಧತಿ ಇಟ್ಟುಕೊಂಡಿದ್ದರು. ಹಾಗಾಗಿ ಆಂಟಿ ಚಾಪೆಲ್ಲಿನ ಹಿಂದಿನ ಹಾಲ್‌ನಲ್ಲಿ, ಒಲೆಯ ಕಡೆ ಮುಖ ಮಾಡಿ, ಶಿಷ್ಯೆಗೆ ಬೆನ್ನು ಹಾಕಿ, ಸ್ವೆಟರ್ ಹೆಣೆಯುತ್ತಲೇ ಪಾಠ ಹೇಳುತ್ತಿದ್ದಳು. ಬೈಯುತ್ತಿರಲಿಲ್ಲ. ಹೆಜ್ಜೆ ತಪ್ಪಿದರೆ ಹೆಣಿಗೆಯ ಕಡ್ಡಿಗಳು ನಿಲ್ಲುತ್ತಿದ್ದವು. ಅದಕ್ಕಿಂತ ದೊಡ್ಡ ಬೈಗುಳ ಬೇಕಿರಲಿಲ್ಲ.

ಈಗ ಕಡ್ಡಿಗಳು ಏಳನೆಯ ಸುತ್ತಿನಲ್ಲಿ ನಿಲ್ಲುತ್ತಿದ್ದವು, ನಿಂತಾಗಲೆಲ್ಲ ಅಲ್ಲೇ. ರೆಪ್ಪೆ ಬಡಿಯುವುದರಲ್ಲಿ ಅರ್ಧದಷ್ಟು ತಡ. ಪರದೆಯ ಹಿಂದಿನ ಕಿವಿಗಳಿಗೆ ಅಷ್ಟು ಸಾಕು.

ಐದನೆಯ ಸಲ ಲೌರಿ ಬಂದಾಗ ಗೆಥಿನ್ ಹಳೆಯ ಅಟ್ಟೆಗಳನ್ನು ಕಿತ್ತೆಸೆದು, ಬೇರೆ ಹಲಗೆಯಿಂದ ಹೊಸ ಜೋಡಿ ಕೊರೆದ. ಎರಡು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಶನಿವಾರ ಅವಳು ಅದನ್ನು ಹಾಕಿಕೊಂಡು ಕುಣಿಯುವಾಗ, ಹಾಲ್‌ನ ಕಿಟಕಿಯಾಚೆ ತನ್ನ ಅಂಗಳದಲ್ಲಿ ಅಂಗಿಯ ತೋಳು ಮಡಚಿ ಸೌದೆ ಸೀಳುತ್ತ ಕಿವಿಗೊಟ್ಟ. ಟೇಪಿನ ಪಿಟೀಲು, ಅದರ ಮೇಲೆ ಅವಳ ಪಾದ, ಹೆಂಚಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಐದು. ಆರು. ಏಳು. ಅಲ್ಲಿ ಮತ್ತೆ ಆ ಸಣ್ಣ ತಡೆ. ಅವನು ಕೊಡಲಿಯನ್ನು ಕೊರಡಿಗೆ ಊರಿ ಹಾಗೇ ನಿಂತುಬಿಟ್ಟ. ನಮ್ಮ ಮನೆತನದಲ್ಲಿ ಯಾರೂ ತಡವರಿಸುವ ಬೂಟು ಮಾಡಿಲ್ಲ ಎನ್ನಿಸಿ ಅವಮಾನವಾಯಿತು.

ಮರುವಾರ ಆಂಟಿಯೇ ಕೋಲೂರಿಕೊಂಡು ಅವನ ಅಂಗಡಿಗೆ ಬಂದಳು. ಮರವನ್ನು ಕೇಳಲಿಲ್ಲ, ಅಟ್ಟೆಯನ್ನು ಕೇಳಲಿಲ್ಲ.

"ಗುರುವಾರ ನೀನೆಲ್ಲಿರ್ತೀಯೋ?" ಅಂದಳು.

ಗುರುವಾರ ತಾನು ಕಾರ್ಮಾರ್ಥೆನ್ ಸಂತೆಗೆ ಹೋಗುತ್ತೇನೆಂದೂ, ಅದು ಊರಿಗೆಲ್ಲ ಗೊತ್ತಿರುವ ವಿಷಯವೆಂದೂ ಗೆಥಿನ್ ಹೇಳಿದ.

"ಗುರುವಾರ ಹುಡುಗಿ ಹೆಜ್ಜೆ ತಪ್ಪಲ್ಲ," ಅಂದಳು ಆಂಟಿ. "ನಾಳೆ ಹಾಲ್‌ಗೆ ಬಾ. ನನ್ನ ಪಕ್ಕ ಕೂತ್ಕೋ. ನಾನು ಕೇಳ್ತೀನಿ, ನೀನು ನೋಡು."

ಅವನಿಗೆ ಏನೂ ಅರ್ಥವಾಗಲಿಲ್ಲ. ಆದರೂ ಮರುದಿನ ಶರ್ಟು ಬದಲಾಯಿಸಿಕೊಂಡು ಹೋದ. ಆಂಟಿ ಎಂದಿನಂತೆ ಒಲೆಯ ಕಡೆ ತಿರುಗಿದ್ದಳು. ಅವನು ಪಕ್ಕದ ಸ್ಟೂಲಿನಲ್ಲಿ ಲೌರಿಗೆ ಎದುರಾಗಿ ಕುಳಿತ. ಲೌರಿ ಅವನನ್ನು ನೋಡಿ, ಇವನ್ಯಾಕೆ ಇಲ್ಲಿ ಎಂದು ಆಂಟಿಯ ಬೆನ್ನನ್ನು ಕೇಳಿದಳು. ಟೇಪಿನ ಪಿಟೀಲು ಶುರುವಾಯಿತು.

ಅವಳ ಕುಣಿತದ ಎಂಟು ಸುತ್ತಿನಲ್ಲಿ ಒಂದೊಂದಕ್ಕೂ ಮುಖ ಬೇರೆ ಬೇರೆ ದಿಕ್ಕಿಗೆ ತಿರುಗುತ್ತದೆ. ಒಂದು, ಎರಡು. ಮೂರನೆಯದರಲ್ಲಿ ಅವಳು ಒಲೆಯ ಕಡೆಗೆ ತಿರುಗಿದಳು. ಅವನ ಕಣ್ಣಿಗೆ ಅವಳ ಕಣ್ಣು ಸಿಕ್ಕಿತು, ಎಡಪಾದ ಗಾಳಿಯಲ್ಲಿ ಒಂದು ಎಳೆ ಹೆಚ್ಚು ಹೊತ್ತು ಉಳಿಯಿತು. ಕಡ್ಡಿಗಳು ನಿಂತವು, ಮತ್ತೆ ನಡೆದವು. ಏಳನೆಯ ಸುತ್ತಿನಲ್ಲಿ ಅವಳು ಕಿಟಕಿಯ ಕಡೆಗೆ ತಿರುಗಿದಳು. ಆಚೆ ಖಾಲಿ ಅಂಗಳ, ಸೀಳಿಟ್ಟ ಸೌದೆ. ಪಾದ ಗಡಿಯಾರದ ಹಾಗೆ ಬಿತ್ತು.

ಪಿಟೀಲು ಮುಗಿಯಿತು.

"ಮರದಲ್ಲಿ ದೋಷ ಇಲ್ಲ ಗೆಥಿನ್," ಅಂದಳು ಆಂಟಿ, ಹೆಣಿಗೆಯ ಕುಣಿಕೆ ಎಣಿಸುತ್ತ. ಟೀ ಮಾಡಿಕೊಂಡು ಬರುತ್ತೇನೆಂದು ಎದ್ದಳು. ಕೆಟಲ್ಲು ಅಲ್ಲೇ ಒಲೆಯ ಮೇಲೆ ಕುದಿಯುತ್ತಿತ್ತು. ಅದನ್ನು ಅಲ್ಲೇ ಬಿಟ್ಟು ಹೊರಗೆ ಹೋದಳು.

ಲೌರಿಯ ಕತ್ತಿನಿಂದ ಹಣೆಯವರೆಗೆ ಕೆಂಪೇರಿತು. ಬಗ್ಗಿ ಬೂಟಿನ ಬಕಲ್ ಬಿಚ್ಚಿ ಮತ್ತೆ ಹಾಕಿದಳು.

"ನಂಗೂ ಗೊತ್ತಿರಲಿಲ್ಲ," ಅಂದಳು ನೆಲಕ್ಕೆ. "ನಿಜವಾಗ್ಲೂ ಬೂಟಿಂದೇ ಅನ್ಕೊಂಡಿದ್ದೆ."

"ಐದು ಸಲ ಹೆರೆಸಿದೆ ನನ್ನ ಕೈಲಿ."

"ನಾಲ್ಕು ಸಲ. ಐದನೇದು ನೀನಾಗೇ ಹೊಸದು ಮಾಡ್ದೆ."

ಇಬ್ಬರಿಗೂ ನಗು ಬಂತು. ಹೇಳುವುದು ಇನ್ನೂ ಇತ್ತು, ಆದರೆ ಆಂಟಿ ಬಾಗಿಲಾಚೆ ಅಗತ್ಯಕ್ಕಿಂತ ಜೋರಾಗಿ ಕೆಮ್ಮಿದಳು.

ಆಮೇಲಿನ ದಿನಗಳಲ್ಲಿ ಗೆಥಿನ್ ಸೌದೆಯನ್ನು ಮನೆಯ ಆಚೆ ಬದಿಗೆ ಒಯ್ದು ಸೀಳಿದ. ಕಡ್ಡಿಗಳು ನಿಲ್ಲಲಿಲ್ಲ. ಅಬರಿಸ್ಟ್ವಿತ್‌ಗೂ ತಾನು ಬರುವುದಿಲ್ಲವೆಂದು ಹೇಳಿ ಕಳಿಸಿದ. ತನ್ನ ಮುಖದ ದೆಸೆಯಿಂದ ಅವಳು ಚೀಸ್ ಫ್ಯಾಕ್ಟರಿ ಸೇರುವುದು ಅವನಿಗೆ ಬೇಕಿರಲಿಲ್ಲ.

ಅಂದೇ ಸಂಜೆ ಲೌರಿ ಅಂಗಡಿಗೆ ಬಂದಳು. ಈ ಸಲ ಕೈಯಲ್ಲಿ ಬೂಟು ಇರಲಿಲ್ಲ.

"ನೀನು ಬಂದ್ರೆ ಒಂದು ಕಡೆ ತಪ್ತೀನಿ. ಬರದಿದ್ರೆ ನಾಲ್ಕೂ ಗೋಡೆ ಹುಡುಕ್ತೀನಿ, ನಾಲ್ಕು ತಪ್ಪಾಗುತ್ತೆ. ಯಾವುದು ಲಾಭ, ನೀನೇ ಹೇಳು."

ಅವನು ಹೋದ.

ಸಮುದ್ರದ ಪಕ್ಕದ ಹಾಲ್. ವೇದಿಕೆಯ ಒಂದು ಬದಿಗೆ ಕಪ್ಪು ಪರದೆ, ಅದರ ಹಿಂದೆ ಮೂವರು ತೀರ್ಪುಗಾರರು. ನೋಡುವವರಿಗೆ ಮರದ ಕುರ್ಚಿಗಳು; ಅಲ್ಲಿ ಗೆಥಿನ್, ಪಕ್ಕದಲ್ಲಿ ಹೆಣಿಗೆ ಹಿಡಿದ ಆಂಟಿ. ಲೌರಿ ಹನ್ನೊಂದನೆಯವಳು. ಅವಳು ವೇದಿಕೆಗೆ ಬಂದು, ಹಾಲ್‌ನಲ್ಲೆಲ್ಲ ಕಣ್ಣಾಡಿಸಿ ಅವನನ್ನು ಕಂಡು, ಉಸಿರು ಬಿಟ್ಟಳು. ಪಿಟೀಲು ಶುರುವಾಯಿತು.

ಆರನೆಯ ಸುತ್ತು ಮುಗಿಯುತ್ತ ಬಂದಾಗ ಗೆಥಿನ್‌ಗೆ ಲೆಕ್ಕ ಹತ್ತಿತು. ಮುಂದಿನದರಲ್ಲಿ ಅವಳು ತಿರುಗುವುದು ನೇರ ತನ್ನ ಕಡೆಗೆ. ಅವನು ಎದ್ದು, ಕುರ್ಚಿಯನ್ನು ಸದ್ದಾಗದಂತೆ ಎತ್ತಿ ಹಿಂದುಮುಂದಾಗಿ ಇಟ್ಟು, ವೇದಿಕೆಗೆ ಬೆನ್ನು ಹಾಕಿ ಕುಳಿತ. ಹಿಂದಿನ ಸಾಲಿನ ಹೆಂಗಸು ಮೂಗಿನೆದುರು ಬಂದ ಅವನನ್ನು ನೋಡಿ, ಹುಷಾರಿಲ್ಲವೇನಪ್ಪಾ ಎಂದು ಪಿಸುಗುಟ್ಟಿದಳು. ಅವನು ತುಟಿಗೆ ಬೆರಳಿಟ್ಟ. ಕಣ್ಣು ಮುಚ್ಚಿ ಕೇಳಿದ.

ಪಾದ ನಿಲ್ಲಲಿಲ್ಲ. ಏಳು ದಾಟಿತು, ಎಂಟು ದಾಟಿತು, ಕೊನೆಯ ಎರಡು ಪೆಟ್ಟು ಒಟ್ಟಿಗೆ ಬಿದ್ದು ಮುಗಿಯಿತು. ಪಕ್ಕದಲ್ಲಿ ಆಂಟಿಯ ಕಡ್ಡಿಗಳು ಒಂದೇ ಸಮ ನಡೆದಿದ್ದವು. ಗೆಥಿನ್‌ಗೆ ಖುಷಿಯಾಯಿತು. ಖುಷಿಯ ಹಿಂದೆಯೇ, ಹೇಳಿಕೊಳ್ಳಲಾಗದಂಥ ಒಂದು ಸಣ್ಣ ಬೇಜಾರೂ ಬಂತು.

ಮಧ್ಯಾಹ್ನ ಮೂರಕ್ಕೆ ಹೆಸರು ಓದಿದರು. ಆಯ್ಕೆಯಾದ ಇಬ್ಬರಲ್ಲಿ ಎರಡನೆಯ ಹೆಸರು ಲೌರಿಯದು. ಸೆಪ್ಟೆಂಬರಿನಲ್ಲಿ ಹೊರಡಬೇಕು.

ಕಾಗದದ ಪೊಟ್ಟಣದಲ್ಲಿ ಬಿಸಿ ಚಿಪ್ಸ್ ಹಿಡಿದು ಮೂವರೂ ಸಮುದ್ರದೊಳಕ್ಕೆ ಚಾಚಿದ ಹಲಗೆಯ ಕಟ್ಟೆಯ ಮೇಲೆ ನಡೆದರು. ಆಂಟಿ ಬೇಕೆಂದೇ ಮುಂದೆ ಹೋದಳು. ಲೌರಿ ಬೂಟು ಬಿಚ್ಚಿರಲಿಲ್ಲ. ಹಲಗೆಗಳು ಅವಳ ಪ್ರತಿ ಹೆಜ್ಜೆಗೂ ದನಿಗೊಡುತ್ತಿದ್ದವು.

"ಏಳನೇದರಲ್ಲಿ ನಿಲ್ಲಲೇ ಇಲ್ಲ ನೀನು," ಅಂದ ಗೆಥಿನ್. "ನೋಡ್ಲೇ ಇಲ್ವಾ ನನ್ನ ಕಡೆ?"

"ನೋಡ್ದೆ. ಬರೀ ಬೆನ್ನು ಕಾಣ್ತು. ಕೋಟಿನ ಮೇಲೆಲ್ಲ ಮರದ ಪುಡಿ. ನಿಂತು ನೋಡೋಕೆ ಅಲ್ಲೇನಿತ್ತು?"

ಅವನು ಕೋಟಿನ ಪುಡಿ ಕೊಡವಿಕೊಂಡ. ಎಂಟು ತಿಂಗಳ ಕುಣಿತಕ್ಕೆ ಅಟ್ಟೆ ಆರು ಜೋಡಿಯಾದರೂ ಸವೆಯುತ್ತದೆಂದೂ, ಅದನ್ನು ಅಂಚೆಯಲ್ಲಿ ಕಳಿಸಿದರೆ ಹಾಳಾಗುತ್ತದೆಂದೂ, ತಾನೇ ತಂದುಕೊಡುವುದು ವಾಸಿಯೆಂದೂ ಹೇಳಿದ. ಅಂಚೆಯಲ್ಲಿ ಮರ ಹೇಗೆ ಹಾಳಾಗುತ್ತದೆಂದು ಲೌರಿ ಕೇಳಿದಳು. ಅವನು ಅವಳತ್ತ ತಿರುಗಿದ.

"ನಂಗೆ ನಿನ್ನ ಮೇಲೆ ಮನಸ್ಸು ಲೌರಿ," ಅಂದ. "ಮೊದಲನೇ ಸಲ ಬೂಟು ತಂದಾಗಿಂದ. ಈಗ ನೋಡು, ಈ ಕಡೆ ತಿರುಗಿದೀನಿ."

ಹಲಗೆಯ ಮೇಲೆ ಅವಳ ಹೆಜ್ಜೆ ನಿಂತಿತು.

ಮುಂದೆ ಹೋಗುತ್ತಿದ್ದ ಆಂಟಿಗೆ ಅದು ಕೇಳಿಸಿತು. ಬಹಳ ಹೊತ್ತಾದರೂ ಮತ್ತೆ ಹೆಜ್ಜೆಯ ಸದ್ದು ಬರಲಿಲ್ಲ. ಅವಳು ಹಿಂತಿರುಗಿ ನೋಡದೆ ಒಂದು ಚಿಪ್ಸ್ ಬಾಯಿಗೆ ಹಾಕಿಕೊಂಡಳು.

"ನಿಲ್ಲು, ನಿಲ್ಲು," ಅಂದಳು ಸಮುದ್ರಕ್ಕೆ ಹೇಳುವವಳ ಹಾಗೆ. "ಇವತ್ತು ಅಂಕ ಹಾಕೋರು ಯಾರೂ ಇಲ್ಲ."